ಆ ಹುಡುಗಿಯ ಮನೆಗೆ ಹೋಗಬೇಕಾದವರು ಯಾರು?

ಪ್ರಶ್ನೆ: ರಾಯಚೂರು ಜಿಲ್ಲೆಯಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಹಿರಿಯ ವ್ಯವಸ್ಥಾಪಕಿಯಾಗಿ ಈಚೆಗೆ ಸೇರಿದ್ದೇನೆ. ಹೆಣ್ಣುಮಕ್ಕಳ ಒಂದು ಪಾಲನಾ ಸಂಸ್ಥೆ, ಒಂದು ತೆರೆದ ತಂಗುದಾಣ, ಎರಡು ತಾಲ್ಲೂಕುಗಳ ಹಳ್ಳಿ ಕೆಲಸ ನನ್ನ ಉಸ್ತುವಾರಿಯಲ್ಲಿವೆ. ಬೆಳಗಿನಿಂದ ರಾತ್ರಿಯವರೆಗೆ ‘ಮೇಡಂ, ಏನು ಮಾಡಲಿ?’ ಎಂಬ ಫೋನ್. ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ 15 ವರ್ಷದ ಹುಡುಗಿಯೊಬ್ಬಳ ಮದುವೆ ತಡೆದು ನಮ್ಮಲ್ಲಿಗೆ ಕಳುಹಿಸಿದ್ದರು. ಕೆಲವು ವಾರಗಳ ನಂತರ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ತಂದೆತಾಯಿಯ ಜೊತೆ ಕಳುಹಿಸಿಕೊಟ್ಟೆವು. ‘ಸಂಸ್ಥೆಯವರು ನಿಗಾ ಇಡತಕ್ಕದ್ದು’ ಎಂದು ಆದೇಶದಲ್ಲಿತ್ತು. ಮೂರು ತಿಂಗಳೊಳಗೆ ತೆಲಂಗಾಣದ ಬಂಧುಗಳ ಊರಿನಲ್ಲಿ ಅವಳ ಮದುವೆ ಮುಗಿದಿದೆ ಎಂದು ಈಗ ಗೊತ್ತಾಗಿದೆ. ಸಭೆಯಲ್ಲಿ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಸಮಾಜ ಕಾರ್ಯಕರ್ತೆಯನ್ನು ಕೆಲಸದಿಂದ ತೆಗೆಯಿರಿ ಎಂದು ಟ್ರಸ್ಟಿಗಳು ಹೇಳುತ್ತಿದ್ದಾರೆ. ಇಂಥ ಕೆಲಸದಲ್ಲಿ ಸ್ಪಷ್ಟವಾದ ನಾಯಕತ್ವ ಎಂದರೇನು, ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಟ್ರಸ್ಟಿಗಳಿದ್ದಾರೆ, ಸಿಬ್ಬಂದಿ ಇದ್ದಾರೆ, ಸಭೆಯ ಜಗಳವೂ ಇದೆ. ಆ ಹುಡುಗಿ ಈ ಹೊತ್ತು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂಬುದು ಮಾತ್ರ ಇಲ್ಲ. ಆದ್ದರಿಂದ ನಾಯಕತ್ವದ ಮಾತನ್ನು ಸ್ವಲ್ಪ ಬದಿಗಿಟ್ಟು ಅವಳಿಂದಲೇ ಆರಂಭಿಸುತ್ತೇನೆ.

ಮದುವೆಯಾದ ಮಾತ್ರಕ್ಕೆ ಅವಳ ಕಡತ ಮುಚ್ಚುವುದಿಲ್ಲ. 18 ತುಂಬುವವರೆಗೆ ಅವಳು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವೇ. ನಿಮಗೆ ತಿಳಿದದ್ದನ್ನೆಲ್ಲ ಇವತ್ತೇ ಬರವಣಿಗೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ. ಗಡಿಯಾಚೆಯ ಜಿಲ್ಲೆಯ ಸಮಿತಿಯೊಡನೆ ವ್ಯವಹರಿಸುವುದು ಇಲ್ಲಿನ ಸಮಿತಿಯ ಕೆಲಸ. ನಿಮ್ಮ ಕಾರ್ಯಕರ್ತೆ ಜೀಪು ಹತ್ತಿ ಹೋಗಿ ಕರೆತರುವ ಸಾಹಸ ಬೇಡ. 18ರೊಳಗಿನ ಹುಡುಗಿಯ ವಿಷಯದಲ್ಲಿ ‘ಗಂಡ’ ಎಂಬ ಸಂಬಂಧ ಅತ್ಯಾಚಾರದ ಅಪರಾಧಕ್ಕೆ ವಿನಾಯಿತಿಯಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಹಾಗಾಗಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆಯಡಿ ದೂರು ಕೊಡುವ ಹೊಣೆಯೂ ನಿಮ್ಮ ಮೇಲೆ ಬರಬಹುದು. ಇನ್ನೊಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ ನಡೆದ ಬಾಲ್ಯವಿವಾಹ ರಾಜ್ಯದ 2016ರ ತಿದ್ದುಪಡಿಯಿಂದಾಗಿ ಮೊದಲಿನಿಂದಲೇ ಅನೂರ್ಜಿತ. ಕೇಂದ್ರದ 2006ರ ಮೂಲ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಹಾಗಿಲ್ಲ. ಅದರ ಪ್ರಕಾರ, ಮದುವೆಯಾದ ಮಗುವಿನ ಪರವಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ರದ್ದುಪಡಿಸಿಕೊಳ್ಳಬೇಕು, ಅದೂ ಪ್ರಾಪ್ತ ವಯಸ್ಸಾದ ಎರಡು ವರ್ಷಗಳೊಳಗೆ. ಆದ್ದರಿಂದ ತಾಳಿ ಕಟ್ಟಿದ್ದು ಗಡಿಯ ಯಾವ ಮಗ್ಗುಲಲ್ಲಿ ಎಂಬುದನ್ನು ಖಚಿತಪಡಿಸಿಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಮುಂದಿಡಿ. ಹೆಣ್ಣುಮಕ್ಕಳಿಗೂ ಅಪ್ರಾಪ್ತರಿಗೂ ಅಲ್ಲಿ ನೆರವು ಉಚಿತ.

ಇಷ್ಟನ್ನು ಯಾರು, ಯಾವ ದಿನದೊಳಗೆ ಮಾಡುತ್ತಾರೆ ಎಂದು ನೀವು ಇಂದು ಬರೆದು ಸಹಿ ಹಾಕಿದರೆ ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಂತೆ. ಮಕ್ಕಳ ರಕ್ಷಣೆಯಲ್ಲಿ ಹಿರಿಯರ ಸ್ಪಷ್ಟತೆಯನ್ನು ನಾನು ಅಳೆಯುವುದು ಒಂದೇ ಅಳತೆಯಿಂದ. ಯಾವ ಮಗುವಿನ ಹೆಸರು ಹಿಡಿದು ಕೇಳಿದರೂ ಈಗ ಇದರ ಹೊಣೆ ಯಾರದು, ಅವರು ಮುಂದೆ ಯಾವ ದಿನ ಏನು ಮಾಡಬೇಕು ಎಂಬುದಕ್ಕೆ ಒಬ್ಬರ ಹೆಸರು, ಒಂದು ದಿನಾಂಕ ಸಿಗಬೇಕು. ಸಿಗದಿದ್ದರೆ ಗೋಡೆಯ ಮೇಲಿನ ಧ್ಯೇಯವಾಕ್ಯಕ್ಕೆ ಬಣ್ಣದ ಖರ್ಚು ದಂಡ.

ಈಗ ಅವಳ ಕಡತವನ್ನು ಹಿಂದಿನಿಂದ ಓದೋಣ. ಮದುವೆ ತಡೆಯುವ ದಿನ ಸಾಮಾನ್ಯವಾಗಿ ಗೊಂದಲವಿರುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬರುತ್ತದೆ. ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ, ಪೊಲೀಸರು ಹೋಗುತ್ತಾರೆ. ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹುಡುಗಿಯನ್ನು ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕು. ಇಲ್ಲಿಯವರೆಗೆ ಪ್ರತಿ ಹೆಜ್ಜೆಗೂ ಕಾಯ್ದೆಯೇ ಗಡುವು ಹಾಕಿದೆ, ಆದ್ದರಿಂದ ಹೇಗೋ ಕೆಲಸ ಸಾಗುತ್ತದೆ.

ಹುಡುಗಿ ತಂದೆಯ ಜೊತೆ ದೇವದುರ್ಗದ ಬಸ್ ಹತ್ತಿದ ದಿನ ಎಲ್ಲರ ಪಾಲಿನ ಕೆಲಸವೂ ಒಟ್ಟಿಗೆ ಮುಗಿಯುತ್ತದೆ. ಪೊಲೀಸರ ಲೆಕ್ಕದಲ್ಲಿ ಮದುವೆ ನಿಂತಿದೆ, ಸಮಿತಿಯ ಲೆಕ್ಕದಲ್ಲಿ ಆದೇಶವಾಗಿದೆ, ನಿಮ್ಮ ಸೂಪರಿಂಟೆಂಡೆಂಟ್ ಲೆಕ್ಕದಲ್ಲಿ ಬಿಡುಗಡೆಯ ರಿಜಿಸ್ಟರಿಗೆ ಸಹಿ ಬಿದ್ದು ಒಂದು ಹಾಸಿಗೆ ತೆರವಾಗಿದೆ. ಮನೆಯಲ್ಲಿ ನೋಡಿದರೆ ಮದುವೆಗೆಂದು ತಂದ ಸಾಲ ಹಾಗೇ ಇದೆ, ಬೀಗರಿಗೆ ಕೊಟ್ಟ ಮಾತೂ ಹಾಗೇ ಇದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಗುಳೆ ಹೋಗುವ ಕುಟುಂಬವಾದರೆ ದೊಡ್ಡ ಹುಡುಗಿಯನ್ನು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂಬ ಅವ್ವನ ಭಯವೂ ಅಲ್ಲೇ ಇದೆ. ಅಪಾಯ ಹೆಚ್ಚುವ ದಿನವೂ ಕಚೇರಿಗಳು ನಿಟ್ಟುಸಿರು ಬಿಡುವ ದಿನವೂ ಒಂದೇ.

‘ಸಂಸ್ಥೆಯವರು ನಿಗಾ ಇಡತಕ್ಕದ್ದು’ ಎಂಬ ಆದೇಶ ನಿಮ್ಮ ಮೇಜಿಗೆ ಬಂದಾಗಲೇ ಯಾರೋ ಎಚ್ಚೆತ್ತುಕೊಳ್ಳಬೇಕಿತ್ತು. ಸಂಸ್ಥೆಗೆ ಕಾಲಿಲ್ಲ, ಅದು ಹಳ್ಳಿಗೆ ಹೋಗುವುದಿಲ್ಲ. ಮಗುವನ್ನು ಕುಟುಂಬಕ್ಕೆ ಒಪ್ಪಿಸುವಾಗ ಮಕ್ಕಳ ಕಲ್ಯಾಣಾಧಿಕಾರಿಯ ಅಥವಾ ಗೊತ್ತುಪಡಿಸಿದ ಸಮಾಜ ಕಾರ್ಯಕರ್ತರ ಮೇಲ್ವಿಚಾರಣೆಗೆ ಒಳಪಡಿಸಲು ಬಾಲನ್ಯಾಯ ಕಾಯ್ದೆಯ 37ನೆಯ ಸೆಕ್ಷನ್ ಸಮಿತಿಗೆ ಅವಕಾಶ ಕೊಟ್ಟಿದೆ. ನಮ್ಮಿಂದ ಇಂಥವರು ಹೋಗುತ್ತಾರೆ, ಇಂಥ ದಿನಗಳಂದು ವರದಿ ಕೊಡುತ್ತಾರೆ ಎಂದು ನೀವಾಗಿ ಬರೆದು ಕೊಟ್ಟರೆ ಬೇಡ ಎನ್ನುವ ಸಮಿತಿಯನ್ನು ನಾನು ಕಂಡಿಲ್ಲ. ಹೀಗೆ ಬರೆದು ಕೊಡುವುದು ಹಳ್ಳಿ ಸುತ್ತುವ ಕಾರ್ಯಕರ್ತೆಯ ಕೆಲಸವಲ್ಲ, ನಿಮ್ಮ ಕುರ್ಚಿಯ ಕೆಲಸ. ನೀವು ಬರುವ ಮುಂಚೆ ಆ ಕುರ್ಚಿಯಲ್ಲಿದ್ದವರು ಮಾಡಲಿಲ್ಲವಾದರೆ ಲೋಪ ಅಲ್ಲಿಂದಲೇ ಆರಂಭವಾಗಿದೆ ಎಂದು ಟ್ರಸ್ಟಿಗಳಿಗೆ ಹೇಳಬೇಕಾಗುತ್ತದೆ.

ಕಡತದೊಳಗೆ ಇನ್ನೊಂದು ಹಾಳೆ ಇರುತ್ತದೆ. ಅದರಲ್ಲಿ ಬಹುಮಟ್ಟಿಗೆ ಹೀಗೊಂದು ಸಾಲು: ‘ದೂರವಾಣಿ ಮೂಲಕ ವಿಚಾರಿಸಿದೆ. ಮಗು ಕ್ಷೇಮ.’ ಕೆಳಗೆ ಸಹಿ, ದಿನಾಂಕ. ನಿಮ್ಮ ಮುಂದಿನ ಸಭೆಯಲ್ಲಿ ಇಂಥ ಸಾಲೊಂದನ್ನು ಹಿಡಿದು ನಿಧಾನವಾಗಿ ಕೇಳಿ. ಫೋನ್ ಯಾರದು? ಅಪ್ಪನದು. ಎತ್ತಿದವರು? ಅಪ್ಪ. ಹುಡುಗಿಯ ದನಿ ಕೇಳಿದಿರಾ? ಇಲ್ಲ, ಹೊಲಕ್ಕೆ ಹೋಗಿದ್ದಾಳೆ ಎಂದರು. ಅದು ಶಾಲೆಯ ದಿನವಲ್ಲವೇ? ಮೌನ. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಹಾಜರಿ ಕೇಳಿದಿರಾ? ಇಲ್ಲ. ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಬಳಿ ಇದೆಯೇ? ಇದೆ ಮೇಡಂ, ಆದರೆ ಕೇಳಲು ಹೊಳೆಯಲಿಲ್ಲ. ಇಷ್ಟು ಪ್ರಶ್ನೆಗೆ ಐದು ನಿಮಿಷ ಸಾಕು, ಅದರಲ್ಲಿ ಗದರಿಕೆಯ ಒಂದು ಮಾತೂ ಬೇಕಿಲ್ಲ. ನೀವು ಹೀಗೆ ಕೇಳುತ್ತೀರಿ ಎಂದು ಗೊತ್ತಾದರೆ ಮುಂದಿನ ವಾರ ಹಾಳೆಯ ಮೇಲೆ ಬೇರೆ ಥರದ ಸಾಲುಗಳು ಬರುತ್ತವೆ: ‘ಶಾಲೆಯಲ್ಲಿ ಸೋಮವಾರದಿಂದ ಗೈರು. ಮನೆಗೆ ಬೀಗ. ಪಕ್ಕದ ಮನೆಯವರು ಗುಳೆ ಹೋಗಿದ್ದಾರೆ ಎಂದರು. ಹುಡುಗಿ ಅಜ್ಜಿಯ ಊರಿನಲ್ಲಿ.’ ಈ ಸಾಲು ಕೆಟ್ಟ ಸುದ್ದಿ, ಆದರೆ ಅದರ ಮೇಲೆ ಅಂದೇ ಕೆಲಸ ಮಾಡಬಹುದು.

ಶೇಕಡಾ ಲೆಕ್ಕದ ಪವರ್‌ಪಾಯಿಂಟ್ ಸಭೆಗಳನ್ನು ತಿಂಗಳಿಗೊಮ್ಮೆ ಇಟ್ಟುಕೊಳ್ಳಿ, ದಾನಿಗಳಿಗೆ ಬೇಕಾಗುತ್ತವೆ. ವಾರದ ಸಭೆಯಲ್ಲಿ ಮಾತ್ರ ಒಂದು ರಿಜಿಸ್ಟರ್, ಒಂದು ಮಗುವಿಗೆ ಒಂದು ಸಾಲು. ಮನೆಗೆ ಕಳುಹಿಸಿದ ಮಕ್ಕಳನ್ನು ಮೊದಲು ಓದಿ, ಒಳಗಿರುವ ಮಕ್ಕಳನ್ನು ಆಮೇಲೆ. ಎಲ್ಲ ಸಂಸ್ಥೆಗಳೂ ಇದನ್ನು ತಲೆಕೆಳಗಾಗಿ ಮಾಡುತ್ತವೆ, ಏಕೆಂದರೆ ಒಳಗಿರುವ ಮಕ್ಕಳು ಕಣ್ಣಿಗೆ ಕಾಣುತ್ತಾರೆ.

ಇನ್ನು ‘ಮೇಡಂ, ಏನು ಮಾಡಲಿ?’ ಎಂಬ ಫೋನ್‌ಗಳ ವಿಷಯ. ಅವು ನಿಮ್ಮ ಮೇಲಿನ ಗೌರವದಿಂದ ಬರುತ್ತವೆ ಎಂದುಕೊಳ್ಳಬೇಡಿ. ತಪ್ಪಾದರೆ ತಲೆ ತನ್ನದು ಹೋಗದಿರಲಿ ಎಂಬ ಎಚ್ಚರಿಕೆ ಅದರಲ್ಲಿ ಬಹಳಷ್ಟಿದೆ. ಯಾವ ತೀರ್ಮಾನ ಯಾರದು ಎಂದು ನೀವು ಬರೆದು ಕೊಟ್ಟಿಲ್ಲವಾದ್ದರಿಂದ ಎಲ್ಲ ತೀರ್ಮಾನವೂ ನಿಮ್ಮ ಮೊಬೈಲಿಗೆ ಬರುತ್ತಿದೆ. ಒಂದೆರಡು ಪುಟದಲ್ಲಿ, ಕನ್ನಡದಲ್ಲಿ, ಗೃಹಮಾತೆಗೂ ಅರ್ಥವಾಗುವ ಹಾಗೆ ಬರೆಯಿರಿ. ರಾತ್ರಿ ಮಗುವಿಗೆ ಜ್ವರ ಏರಿದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾರ ಅಪ್ಪಣೆಯೂ ಬೇಡ, ಆಟೋ ಹತ್ತಿ ಆಮೇಲೆ ತಿಳಿಸಿದರೆ ಸಾಕು. ಸಿಬ್ಬಂದಿಯ ಬದಲಾವಣೆ, ಮಗುವೊಂದು ಸಂಸ್ಥೆಯಿಂದ ಕಾಣೆಯಾದಾಗ ಪೊಲೀಸರಿಗೆ ತಿಳಿಸಿದ ಮೇಲಿನ ಮುಂದಿನ ಹೆಜ್ಜೆಗಳು, ಪತ್ರಕರ್ತರಿಗೆ ಉತ್ತರ, ಇವು ನಿಮ್ಮವು. ಮಗು ಮನೆಗೆ ಹೋಗಬೇಕೇ, ಇಲ್ಲೇ ಇರಬೇಕೇ ಎಂಬುದು ನಿಮ್ಮದೂ ಅಲ್ಲ, ಸೂಪರಿಂಟೆಂಡೆಂಟ್ ಅವರದೂ ಅಲ್ಲ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ತೀರ್ಮಾನ ಅವರದು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ವರದಿಯಲ್ಲಿ ಕಾರಣ ಸಹಿತ ಬರೆಯಿರಿ. ಕಾರಿಡಾರಿನಲ್ಲಿ ಸದಸ್ಯರನ್ನು ಹಿಡಿದು ಮನವೊಲಿಸುವ ಅಭ್ಯಾಸ ಬೇಡ.

ನಾಲ್ಕನೆಯ ಬಗೆಯ ವಿಷಯ ಒಂದಿದೆ, ಅದರಲ್ಲಿ ಯಾರ ಅನುಮತಿಯೂ ನಡುವೆ ಬರಕೂಡದು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ. ಆದರೂ ‘ಮೊದಲು ನನಗೆ ಹೇಳಿ, ಆಮೇಲೆ ನೋಡೋಣ’ ಎಂಬ ಬಾಯಿಮಾತಿನ ನಿಯಮ ಬಹಳ ಸಂಸ್ಥೆಗಳಲ್ಲಿ ಓಡಾಡುತ್ತಿರುತ್ತದೆ. ನಿಮ್ಮಲ್ಲೂ ಇದ್ದರೆ ಅದನ್ನು ಬರವಣಿಗೆಯಲ್ಲಿ ರದ್ದು ಮಾಡಿ. ಬಾಯಿಮಾತಿನಲ್ಲಿ ಬಂದದ್ದು ಬಾಯಿಮಾತಿನಲ್ಲಿ ಹೋಗುವುದಿಲ್ಲ. ಅದೇ ಹಾಳೆಯಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆಯೂ ಒಂದು ಸಾಲಿರಲಿ: ಮಗುವಿನ ಫೋಟೊ, ಹೆಸರು, ಊರು ಅಲ್ಲಿಗೆ ಬರಕೂಡದು. ರಕ್ಷಣೆಯ ಉತ್ಸಾಹದಲ್ಲಿ ಹಾಕಿದ ಚಿತ್ರ ಸಂಜೆಯೊಳಗೆ ಊರಿನ ಗುಂಪುಗಳಿಗೆ ಹರಿಯುತ್ತದೆ. ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ನಿನಲ್ಲಿ ಗುರುತು ಬಯಲು ಮಾಡಿದ್ದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.

ನಾಯಕತ್ವದ ಪ್ರಶ್ನೆ ಎತ್ತಿದ್ದೀರಾದ್ದರಿಂದ ಇಂಗ್ಲೆಂಡಿನ ಒಂದು ಪ್ರಕರಣ ಹೇಳುತ್ತೇನೆ. ಅಲ್ಲಿನ ಹಣ, ಸಿಬ್ಬಂದಿ, ವ್ಯವಸ್ಥೆ ಯಾವುದೂ ನಮ್ಮ ಹಾಗಿಲ್ಲ, ಆದರೆ ಮನುಷ್ಯರು ತಪ್ಪಿಸಿಕೊಳ್ಳುವ ಬಗೆ ಒಂದೇ. ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ 2000ದ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ, ತನ್ನನ್ನು ಸಾಕಬೇಕಾದವರ ಕ್ರೌರ್ಯದಿಂದ ಸತ್ತಳು. ಸಾಯುವ ಮುಂಚಿನ ತಿಂಗಳುಗಳಲ್ಲಿ ಸಮಾಜ ಸೇವಾ ಇಲಾಖೆಗಳು, ಪೊಲೀಸರು, ಆಸ್ಪತ್ರೆಗಳು ಅವಳನ್ನು ನೋಡಿದ್ದವು. ಲಾರ್ಡ್ ಲೇಮಿಂಗ್ ನಡೆಸಿದ ವಿಚಾರಣೆಯ ವರದಿ 2003ರ ಜನವರಿಯಲ್ಲಿ ಬಂತು, ಅದರಲ್ಲಿ 108 ಶಿಫಾರಸುಗಳಿದ್ದವು. ಅವಳನ್ನು ಉಳಿಸಬಹುದಾಗಿದ್ದ ಕನಿಷ್ಠ 12 ಸಂದರ್ಭಗಳನ್ನು ವರದಿ ಎತ್ತಿ ತೋರಿಸಿತು. ಕೆಳಗೆ ಏನು ನಡೆಯುತ್ತಿತ್ತೆಂದು ತಮಗೆ ಗೊತ್ತಿರಲಿಲ್ಲ ಎಂದ ಹಿರಿಯ ವ್ಯವಸ್ಥಾಪಕರ ಸಮಜಾಯಿಷಿಯನ್ನು ಲೇಮಿಂಗ್ ಒಪ್ಪಲಿಲ್ಲ. ತಿಳಿದುಕೊಳ್ಳುವುದೇ ಅವರ ಕೆಲಸವಾಗಿತ್ತು. 2004ರ ಅಲ್ಲಿನ ಮಕ್ಕಳ ಕಾಯ್ದೆ ಸಂಬಂಧಪಟ್ಟ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಮಕ್ಕಳ ಸೇವೆಗಳಿಗೆ ಒಬ್ಬ ನಿರ್ದೇಶಕರು ಇರಲೇಬೇಕೆಂದು ಮಾಡಿತು.

ಕಥೆಯ ಇನ್ನೊಂದು ತುದಿಯೂ ಇದೆ. ನಿಯಮ, ನಮೂನೆ, ಗಡುವುಗಳು ಅಲ್ಲಿ ಎಷ್ಟು ಬೆಳೆದವೆಂದರೆ ಸಮಾಜ ಕಾರ್ಯಕರ್ತರು ಮಕ್ಕಳಿಗಿಂತ ಕಂಪ್ಯೂಟರಿನ ಮುಂದೆ ಹೆಚ್ಚು ಕೂರುವಂತಾಯಿತು. 2011ರಲ್ಲಿ ಪ್ರೊಫೆಸರ್ ಐಲೀನ್ ಮನ್ರೊ ಅವರ ಪರಿಶೀಲನಾ ವರದಿ ಬಂದದ್ದು ಇದೇ ಕಾರಣಕ್ಕೆ. ಆದ್ದರಿಂದ ಈ ಘಟನೆಯ ನಂತರ ಹೊಸದೊಂದು ನಮೂನೆ ಅಚ್ಚು ಹಾಕಿಸುವ ಆಸೆ ನಿಮಗೆ ಬಂದರೆ ದಯವಿಟ್ಟು ತಡೆದುಕೊಳ್ಳಿ. ನಮ್ಮ ಬಾಲನ್ಯಾಯ ನಿಯಮಗಳಲ್ಲೇ ವೈಯಕ್ತಿಕ ಪಾಲನಾ ಯೋಜನೆಗೆ ನಮೂನೆ 7 ಇದೆ. ಅದನ್ನು ಎಲ್ಲ ಮಕ್ಕಳಿಗೂ ಒಂದೇ ಅಕ್ಷರಗಳಲ್ಲಿ ನಕಲು ಮಾಡದೆ, ಮಗುವನ್ನು ಕೂರಿಸಿಕೊಂಡು ತುಂಬಿದರೆ ಸಾಕು. ನಿಮ್ಮ ಹುಡುಗಿಯ ನಮೂನೆಯಲ್ಲಿ ಮನೆಯ ಸಾಲದ ಪ್ರಸ್ತಾಪವಿತ್ತೇ? ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅವಳು ಅದಕ್ಕೆ ಅರ್ಹಳೇ ಎಂದು ಯಾರಾದರೂ ನೋಡಿದರೇ? ಅಪ್ಪ ಅವ್ವ ಗುಳೆ ಹೋದಾಗ ಅವಳು ಉಳಿಯಲು ಹಾಸ್ಟೆಲ್ ಸೀಟು ಹುಡುಕಿದರೇ? ಮುಚ್ಚಳಿಕೆ ಬರೆಸಿಕೊಂಡರೆ ಅಪ್ಪನ ಕೈ ಕಟ್ಟಿದಂತಾಗುತ್ತದೆಯೇ ಹೊರತು ಅವನ ಕಷ್ಟ ಎಲ್ಲೂ ಹೋಗುವುದಿಲ್ಲ.

ಸಿಬ್ಬಂದಿಯ ಬಗ್ಗೆ. ಹಳ್ಳಿಯಲ್ಲಿ ಮದುವೆ ನಿಲ್ಲಿಸಲು ಹೋದ ಹುಡುಗಿಗೆ, ಅಂದರೆ ನಿಮ್ಮ ಕಾರ್ಯಕರ್ತೆಗೆ, ಅರ್ಧ ಗಂಟೆಯಲ್ಲಿ ಊರ ಹಿರಿಯರೊಬ್ಬರ ಫೋನ್ ಬರುತ್ತದೆ: ‘ನಮ್ಮ ಮನೆಯವರೇ, ಸ್ವಲ್ಪ ನೋಡಿ ಬಿಡು ತಂಗಿ.’ ಆಮೇಲೆ ಅವರಿಗಿಂತ ದೊಡ್ಡವರದು. ಅವಳು ಅದೇ ತಾಲ್ಲೂಕಿನವಳು, ನಾಳೆ ಅದೇ ಬಸ್ಸಿನಲ್ಲಿ ಓಡಾಡಬೇಕು, ಸಂಬಳವೋ ಗುತ್ತಿಗೆಯದು. ‘ಅಣ್ಣಾ, ನನ್ನ ಕೈಯಲ್ಲಿಲ್ಲ, ನಮ್ಮ ಮೇಡಂ ನಂಬರ್ ಕೊಡುತ್ತೇನೆ’ ಎಂದು ಹೇಳುವ ಧೈರ್ಯ ಅವಳಿಗೆ ಇರಬೇಕಾದರೆ ಆ ಫೋನ್ ಎತ್ತಿಕೊಂಡು ನೀವು ನಯವಾಗಿ, ಗಟ್ಟಿಯಾಗಿ ಇಲ್ಲ ಎನ್ನುತ್ತೀರಿ ಎಂದು ಅವಳಿಗೆ ಗೊತ್ತಿರಬೇಕು. ಹಿರಿಯ ಹುದ್ದೆಗೆ ಹೆಚ್ಚು ಸಂಬಳ ಕೊಡುವುದು ನನ್ನ ಲೆಕ್ಕದಲ್ಲಿ ಈ ಫೋನ್‌ಗಳಿಗಾಗಿ. ತಿಂಗಳಿಗೊಮ್ಮೆ ಪ್ರತಿ ಕಾರ್ಯಕರ್ತೆಯ ಜೊತೆ ಒಬ್ಬೊಬ್ಬರಾಗಿ ಕುಳಿತು ಅವಳ ಮಕ್ಕಳ ಪಟ್ಟಿಯನ್ನು ಓದಿ. ಯಾವ ಮಗುವಿನ ನೆನಪಿಗೆ ನಿದ್ದೆ ಬರುತ್ತಿಲ್ಲ ಎಂದು ಕೇಳಿ. ಉತ್ತರ ಬರುವ ತನಕ ಮೊಬೈಲ್ ನೋಡಬೇಡಿ.

ಇನ್ನು ಆ ಸಮಾಜ ಕಾರ್ಯಕರ್ತೆಯನ್ನು ಕೆಲಸದಿಂದ ತೆಗೆಯಬೇಕೇ? ಮೊದಲು ದಿನಾಂಕವಾರು ಒಂದು ಪಟ್ಟಿ ಮಾಡಿ: ಆದೇಶ ಯಾವಾಗ ಬಂತು, ಯಾರ ಕೈಗೆ ಹೋಯಿತು, ಇವಳಿಗೆ ಯಾರು, ಹೇಗೆ ಹೇಳಿದರು, ಆಗ ಅವಳ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದರು, ಓಡಾಟದ ಭತ್ಯೆ ಸಿಕ್ಕಿತ್ತೇ. ಹೇಳಿಯೇ ಇಲ್ಲವಾದರೆ ಅವಳನ್ನು ತೆಗೆಯುವುದು ಅನ್ಯಾಯ, ಜೊತೆಗೆ ಉಳಿದವರಿಗೆ ಬಾಯಿ ಮುಚ್ಚಿಕೊಂಡಿರಿ ಎಂಬ ಪಾಠ. ಹೇಳಿದ್ದರೂ ಕೆಲಸದ ಹೊರೆಯಲ್ಲಿ ಹೋಗಲಾಗಲಿಲ್ಲ ಎಂದರೆ ಎಚ್ಚರಿಕೆ ಕೊಡಿ, ಹೊರೆ ಇಳಿಸಿ. ಹೋಗದೆಯೇ ಹೋಗಿದ್ದೆನೆಂದು ಬರೆದಿದ್ದರೆ ಮಾತು ಬೇರೆ. ಸುಳ್ಳು ಭೇಟಿ ಬರೆಯುವವರನ್ನು ಮಕ್ಕಳ ಕೆಲಸದಲ್ಲಿ ಉಳಿಸಿಕೊಳ್ಳಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಎಷ್ಟೇ ಹಳಬರಿರಲಿ.

ಟ್ರಸ್ಟಿಗಳ ಮುಂದೆ ಈ ಪಟ್ಟಿಯನ್ನೇ ಇಡಿ, ಹೆಸರುಗಳ ಸಮೇತ, ನಿಮ್ಮ ಹುದ್ದೆಯ ಹೆಸರನ್ನೂ ಸೇರಿಸಿ. ಜೊತೆಗೆ ಏನು ಬೇಕು ಎಂಬುದನ್ನೂ ಕೇಳಿ: ದೇವದುರ್ಗಕ್ಕೆ ಇನ್ನೊಬ್ಬ ಕಾರ್ಯಕರ್ತೆ, ಮನೆ ಭೇಟಿಗೆ ಪ್ರತ್ಯೇಕ ಓಡಾಟದ ಹಣ, ಯಾರಾದರೂ ರಜೆ ಹಾಕಿದಾಗ ಅಥವಾ ಕೆಲಸ ಬಿಟ್ಟಾಗ ಅವರ ಮಕ್ಕಳನ್ನು ಬರೆದು ಇನ್ನೊಬ್ಬರಿಗೆ ಒಪ್ಪಿಸದೆ ಕೊನೆಯ ಸಂಬಳ ಕೊಡುವುದಿಲ್ಲ ಎಂಬ ನಿಯಮ. ಹಣ ಇಲ್ಲ ಎಂದರೆ ಆ ತಾಲ್ಲೂಕಿನಲ್ಲಿ ಎಷ್ಟು ಮಕ್ಕಳ ಮೇಲೆ ಮಾತ್ರ ನಿಗಾ ಇಡಬಲ್ಲೆವು ಎಂದು ಲೆಕ್ಕ ಹಾಕಿ ಹೇಳಿ, ಉಳಿದವರ ಹೊಣೆ ಹೊರಲಾರೆವು ಎಂದು ಸಮಿತಿಗೂ ರಕ್ಷಣಾ ಘಟಕಕ್ಕೂ ಪತ್ರ ಬರೆಯಲು ಅನುಮತಿ ಕೇಳಿ. ಕೊಟ್ಟರೂ ಕೊಡದಿದ್ದರೂ ಅದು ಸಭೆಯ ನಡಾವಳಿ ಪುಸ್ತಕದಲ್ಲಿ ಬರಲಿ.